ಊದಿದ ಫೋನ್ ಬ್ಯಾಟರಿ, ಸತ್ತ ಪವರ್ ಬ್ಯಾಂಕ್: ಕಸದ ಗಾಡಿಗೆ ಹಾಕದೆ ಇನ್ನೆಲ್ಲಿ ಕೊಡೋದು?

ಮೂರನೇ_ಮಹಡಿ
ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರ ಮನೆಯ ಹಳೇ ಬ್ಯಾಟರಿ ಒಟ್ಟುಮಾಡಿ ಸರಿಯಾದ ಕಡೆ ಕೊಡೋಣ ಅಂತ ಹೊರಟಿದ್ದೇವೆ. ಬಂದಿರೋದು: ಫೋನ್ ಬ್ಯಾಟರಿಗಳು (ಒಂದು ದಿಂಬಿನ ಹಾಗೆ ಊದಿದೆ), 10,000 ಎಂಎಎಚ್ ಪವರ್ ಬ್ಯಾಂಕ್, ಲ್ಯಾಪ್‌ಟಾಪ್ ಬ್ಯಾಟರಿ, ಟ್ರಿಮ್ಮರ್, ಇಯರ್‌ಬಡ್, ಟಾರ್ಚಿನ 18650 (ಬೆರಳಿನ ಹಾಗೆ ಉದ್ದನೆ ದುಂಡಗಿರೋ, ಚಾರ್ಜ್ ಮಾಡೋ) ಸೆಲ್‌ಗಳು, ಸೊಳ್ಳೆ ಬ್ಯಾಟು.

ಒಬ್ಬರು ಉಪ್ಪುನೀರಿನಲ್ಲಿ ನೆನೆಹಾಕಿ ಚಾರ್ಜ್ ಇಳಿಸಿ ಅಂತಾರೆ. ಇನ್ನೊಬ್ಬರು ಗುಜರಿಯವನಿಗೆ ಕೊಟ್ಟರೆ ಕಾಸೂ ಬರುತ್ತೆ ಅಂತಾರೆ. ಕಸದ ಆಟೋದವರು ಒಣ ಕಸದ ಚೀಲಕ್ಕೇ ಹಾಕಿಬಿಡಿ ಅಂದರು. ಕೊಡೋ ಮೊದಲು ಏನು ಮಾಡಬೇಕು, ಅಲ್ಲಿವರೆಗೆ ಎಲ್ಲಿಡಬೇಕು, ಕೊನೆಗೆ ಯಾರಿಗೆ ಕೊಡಬೇಕು? ಗೊತ್ತಿರೋರು ಬಿಡಿಸಿ ಹೇಳಿ.

ಬೆಸುಗೆ_ಕಡ್ಡಿ
ಮೊದಲ ಕೆಲಸ, ಊದಿದ್ದನ್ನ ಉಳಿದವುಗಳಿಂದ ಬೇರೆ ಮಾಡಿ. ಜಜ್ಜಿದ್ದು, ನೀರಿಗೆ ಬಿದ್ದದ್ದು, ಸೋರಿದ್ದು ಇದ್ದರೆ ಅದನ್ನೂ. ಅದರ ವಿಷಯ ಆಮೇಲೆ.

ಚೆನ್ನಾಗಿರೋದಕ್ಕೆ ಟೇಪ್ ಹಾಕಿ. 18650ಗೆ ಎರಡೂ ತುದಿಗೆ. ಪ್ಲಸ್ ಕಡೆಗೆ ಎರಡು ಸುತ್ತು ಹೆಚ್ಚಿಗೇ ಇರಲಿ, ಯಾಕಂದ್ರೆ ಅಲ್ಲಿ ಮೈನಸ್ ಆಗಿರೋ ಡಬ್ಬಿಯ ಅಂಚು ಪ್ಲಸ್ ಟೊಪ್ಪಿಗೆ ಕೂದಲೆಳೆ ದೂರದಲ್ಲಿದೆ. ಮಧ್ಯೆ ಇರೋದು ಒಂದು ಕಾಗದದ ಬಿಲ್ಲೆ, ಮೇಲೆ ತೆಳು ಪ್ಲಾಸ್ಟಿಕ್ ಸಿಪ್ಪೆ. ಆ ಸಿಪ್ಪೆ ಹರಿದು ಒಂದು ಕೀಲಿ ತಗುಲಿದರೆ ಶಾರ್ಟ್. ಫೋನ್ ಬ್ಯಾಟರಿಗೆ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ, ಲ್ಯಾಪ್‌ಟಾಪ್ ಬ್ಯಾಟರಿಗೆ ಕನೆಕ್ಟರಿನ ಸೀಳುಗಳ ಮೇಲೆ. ಎಲೆಕ್ಟ್ರಿಷಿಯನ್‌ಗಳು ಬಳಸೋ ಪಿವಿಸಿ ಟೇಪ್ ಒಳ್ಳೇದು, ಇಲ್ಲದಿದ್ದರೆ ಪಾರ್ಸೆಲ್ ಟೇಪೂ ನಡೆಯುತ್ತೆ. ಆಮೇಲೆ ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ.

ಪವರ್ ಬ್ಯಾಂಕ್, ಇಯರ್‌ಬಡ್, ಟ್ರಿಮ್ಮರ್ ಬಿಚ್ಚಲೇಬೇಡಿ, ಇಡಿಯಾಗಿ ಕೊಡಿ. ಗಮ್ ಹಾಕಿ ಕೂರಿಸಿರೋ ಬ್ಯಾಟರಿಯನ್ನ ಸ್ಕ್ರೂಡ್ರೈವರಿನಿಂದ ಮೀಟೋವಾಗಲೇ ಬ್ಯಾಟರಿಯ ತೆಳು ಹೊದಿಕೆ ತೂತಾಗಿ ಬೆಂಕಿ ಹತ್ತೋದು.

ಗೊರಕೆ_ಫ್ಯಾನ್
ಸತ್ತ ಬ್ಯಾಟರಿಗೆ ಯಾಕಿಷ್ಟು ಶಾಸ್ತ್ರ? ಚಾರ್ಜೇ ಇಲ್ವಲ್ಲ.

ಬೆಸುಗೆ_ಕಡ್ಡಿ
@ಗೊರಕೆ_ಫ್ಯಾನ್ ಇದೆ. ಸೆಲ್ ತುಂಬಿದಾಗ 4.2 ವೋಲ್ಟ್. 3.4ರ ಹತ್ತಿರ ಬಂದಾಗಲೇ ಫೋನ್ ಕೈಚೆಲ್ಲಿ ಆಫ್ ಆಗುತ್ತೆ, ಒಳಗೆ ಇನ್ನೂ ಶಕ್ತಿ ಉಳಿದಿರುತ್ತೆ. ಲ್ಯಾಪ್‌ಟಾಪ್ ಬ್ಯಾಟರಿದು ಇನ್ನೂ ಕೆಟ್ಟದ್ದು: ಆರು ಸೆಲ್‌ಗಳ ಪ್ಯಾಕಿನಲ್ಲಿ ಒಂದು ಜೋಡಿ ಕೆಟ್ಟರೆ ಸಾಕು, ಒಳಗಿನ ಬೋರ್ಡು ಇಡೀ ಪ್ಯಾಕಿಗೆ ಬೀಗ ಹಾಕುತ್ತೆ. ಹೊರಗೆ ಮೀಟರ್ ಹಿಡಿದರೆ ಸೊನ್ನೆ, ಒಳಗೆ ಉಳಿದ ನಾಲ್ಕು ಸೆಲ್ 4 ವೋಲ್ಟಿನಲ್ಲಿ ಕೂತಿರುತ್ತವೆ. ಜಜ್ಜಿದರೆ ಹೊಸ ಬ್ಯಾಟರಿ ಉರಿದ ಹಾಗೇ ಉರಿಯುತ್ತೆ.

ಹಳೇ_ರೇಡಿಯೋ
ಹಾಗಿದ್ರೆ ಉಪ್ಪುನೀರಲ್ಲಿ ಇಳಿಸೋದು ಒಳ್ಳೇದೇ ಅಲ್ವಾ? ಎಷ್ಟೊಂದು ವಿಡಿಯೋಗಳಲ್ಲಿ ತೋರಿಸ್ತಾರೆ.

ಬೀಕರ್
ಮನೆಯಲ್ಲಿ ಬೇಡವೇ ಬೇಡ.

ಉಪ್ಪುನೀರಿಗೆ ಹಾಕಿದ ಕೂಡಲೇ ಎರಡು ತುದಿಗಳ ನಡುವೆ ವಿದ್ಯುದ್ವಿಭಜನೆ (ಕರೆಂಟು ಹರಿದು ನೀರು, ಉಪ್ಪು ಒಡೆಯೋದು) ಶುರು. ಮೈನಸ್ ಕಡೆ ಹೈಡ್ರೋಜನ್ ಗುಳ್ಳೆ. ಪ್ಲಸ್ ಕಡೆ ಲೋಹ ಕರಗುತ್ತೆ, ಅಲ್ಪಸ್ವಲ್ಪ ಕ್ಲೋರಿನ್ನೂ ಬರುತ್ತೆ. ಅರ್ಧ ಗಂಟೆಯಲ್ಲಿ ನೀರು ತುಕ್ಕುಬಣ್ಣಕ್ಕೆ ತಿರುಗೋದು ಅದಕ್ಕೇ. ಫೋನ್ ಬ್ಯಾಟರಿಯಂಥ ಚೀಲದ ಸೆಲ್‌ನಲ್ಲಿ ಪ್ಲಸ್ ಪಟ್ಟಿ ಅಲ್ಯೂಮಿನಿಯಮ್. ಉಪ್ಪಿನ ಕ್ಲೋರೈಡ್ ಅದನ್ನ ಬೇಗ ತಿಂದುಹಾಕುತ್ತೆ. ಪಟ್ಟಿ ತುಂಡಾದ ಕ್ಷಣ ಚಾರ್ಜ್ ಇಳಿಯೋದು ನಿಂತಿತು, ಗುಳ್ಳೆಯೂ ನಿಂತಿತು. ನೋಡಿದವರು ಖಾಲಿಯಾಯ್ತು ಅಂದ್ಕೋತಾರೆ. ಒಳಗೆ ಚಾರ್ಜ್ ಇನ್ನೂ ಉಳಿದಿರುತ್ತೆ, ಈಗ ಅದನ್ನ ಇಳಿಸೋಕೆ ತಂತಿ ಸಿಕ್ಕಿಸಲೂ ಜಾಗವಿಲ್ಲ.

ಸೀಲ್ ಹೋಗಿ ನೀರು ಒಳನುಗ್ಗಿದರೆ ಎಲೆಕ್ಟ್ರೋಲೈಟಿನಲ್ಲಿರೋ (ಸೆಲ್ಲಿನ ಒಳಗಿನ ದ್ರವ) ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ಒಡೆದು ಹೈಡ್ರೋಫ್ಲೋರಿಕ್ ಆಮ್ಲ ಆಗುತ್ತೆ. ಚರ್ಮದ ಮೇಲೆ ಬಿದ್ದರೆ ಉರಿ ತಡವಾಗಿ ಗೊತ್ತಾಗುತ್ತೆ, ಅಷ್ಟರಲ್ಲಿ ಆಳಕ್ಕೆ ಇಳಿದಿರುತ್ತೆ. ಮತ್ತೆ ಆ ಬಕೆಟ್ ನೀರನ್ನ ಎಲ್ಲಿ ಚೆಲ್ತೀರಿ? ಮೋರಿಗೆ. ನಿಕ್ಕಲ್ಲು ತಾಮ್ರ ಎಲ್ಲ ಸೇರಿಕೊಂಡು ಹೋಗುತ್ತೆ.

ರಿಪೇರಿ_ಟೇಬಲ್
ಉಪ್ಪುನೀರು ಬೇಡ ಅನ್ನೋದಕ್ಕೆ ನನ್ನದೂ ಒಂದು ಓಟು. ಆದರೆ ಇಳಿಸಲೇಬಾರದು ಅಂತೇನಿಲ್ಲ. ಬಿಡಿ 18650 ಚೆನ್ನಾಗಿದ್ದರೆ 10 ಓಮ್, 10 ವ್ಯಾಟಿನ ಬಿಳೀ ಸಿಮೆಂಟ್ ರೆಸಿಸ್ಟರ್ ಹೋಲ್ಡರಿಗೆ ಸಿಕ್ಕಿಸಿ. ಶುರುವಿನಲ್ಲಿ 0.42 ಆಂಪ್ ಹರಿಯುತ್ತೆ, 2500 ಎಂಎಎಚ್ ಸೆಲ್ ಸುಮಾರು ಏಳು ಗಂಟೆಯಲ್ಲಿ ಇಳಿಯುತ್ತೆ. ರೆಸಿಸ್ಟರ್ ಬಿಸಿಯಾಗುತ್ತೆ, ಟೈಲ್ ಮೇಲಿಡಿ, ಎದುರಿಗೇ ಇರಿ. 3 ವೋಲ್ಟಿಗೆ ಬಂದಾಗ ತೆಗೆದು ಟೇಪ್ ಸುತ್ತಿ.

ಬೆಸುಗೆ_ಕಡ್ಡಿ
ಲೆಕ್ಕ ಸರಿ. ಆದರೆ ಮಲ್ಟಿಮೀಟರ್ ಇಲ್ಲದವರು ಇದನ್ನ ಓದಿ ಊದಿದ ಬ್ಯಾಟರಿಗೂ ತಂತಿ ಸಿಕ್ಕಿಸ್ತಾರೆ, ಅದು ನನ್ನ ಭಯ. ಸಾಮಾನ್ಯರಿಗೆ ಆ ಬ್ಯಾಟರಿ ಕೂರೋ ಉಪಕರಣವೇ ಸಾಕು. ಟಾರ್ಚ್ ಹಚ್ಚಿಡಿ, ಫೋನಿನಲ್ಲಿ ಆರೋವರೆಗೂ ವಿಡಿಯೋ ಓಡಿಸಿ, ಪವರ್ ಬ್ಯಾಂಕಿಗೆ ಯುಎಸ್‌ಬಿ ದೀಪ ಹಾಕಿಡಿ. ಶೇ. 30ಕ್ಕಿಂತ ಕೆಳಗೆ ಬಂದರೆ ಶಾರ್ಟ್ ಆದಾಗಲೂ ಉರಿಯೋ ಜೋರು ಬಹಳ ಕಡಿಮೆ. ವಿಮಾನದಲ್ಲಿ ಬಿಡಿ ಬ್ಯಾಟರಿಯನ್ನ ಸರಕಾಗಿ ಸಾಗಿಸೋರಿಗೂ ಹಾಕಿರೋ ಮಿತಿ ಅದೇ 30. ಇಳಿಸೋಕೆ ಆಗದಿದ್ದರೆ ಹಾಗೇ ಟೇಪ್ ಹಾಕಿ ಕೊಡಿ, ಮರುಬಳಕೆ ಘಟಕದಲ್ಲಿ ಅದಕ್ಕೆ ವ್ಯವಸ್ಥೆ ಇದೆ.

ರಿಪೇರಿ_ಟೇಬಲ್
ಒಪ್ಪಿದೆ. ಒಂದು ಸೇರಿಸ್ತೀನಿ: ಪೂರ್ತಿ ಇಳಿದು 2 ವೋಲ್ಟಿಗಿಂತ ಕೆಳಗೆ ಬಹಳ ದಿನ ಬಿದ್ದಿದ್ದ ಸೆಲ್ಲನ್ನ ಮತ್ತೆ ಚಾರ್ಜಿಗೆ ಹಾಕಬೇಡಿ. ಒಳಗಿನ ತಾಮ್ರದ ಹಾಳೆ ಕರಗಿ ಬೇರೆಡೆ ಮುಳ್ಳಿನ ಹಾಗೆ ಕೂತಿರುತ್ತೆ. ಚಾರ್ಜ್ ಏರಿದಾಗ ಒಳಗೊಳಗೇ ಶಾರ್ಟ್.

ಜೋಳದ_ರೊಟ್ಟಿ
ಗುಜರಿಗೆ ಕೊಡಬ್ಯಾಡ್ರಿ ಯಪ್ಪಾ. ಅಲ್ಲಿ ಏನಾಗ್ತದ ಅಂದ್ರ, ಲ್ಯಾಪ್‌ಟಾಪ್ ಪ್ಯಾಕ್ ಸುತ್ತಿಗಿಲೆ ಒಡದು ಸೆಲ್ ಹೊರಗ ತಗೀತಾರ. ವೋಲ್ಟೇಜ್ ಇದ್ದದ್ದು ಅಗ್ಗದ ಪವರ್ ಬ್ಯಾಂಕ್, ಟಾರ್ಚಿನೊಳಗ ಹೊಸಾ ಸಿಪ್ಪಿ ಹಾಕ್ಕೊಂಡು ತಿರುಗಿ ಬರ್ತದ. ಮ್ಯಾಲೆ 9900 ಎಂಎಎಚ್ ಅಂತ ಬರದಿರ್ತಾರ. 18650 ಅಳತ್ಯಾಗ ಅಷ್ಟು ಬರೂದೇ ಇಲ್ಲ, ಸುಳ್ಳು ಅಂತ ತಿಳೀರಿ. ಉಳದದ್ದು ತಾಮ್ರದ ಸಲುವಾಗಿ ಸುಡೂದು, ಆ ಹೊಗಿ ಕುಡಿಯೋರು ಅಲ್ಲೇ ಕೆಲಸಾ ಮಾಡೋ ಹುಡುಗ್ರು.

ಆದ್ರ ಹುಬ್ಬಳ್ಳಿ ಧಾರವಾಡದಾಗ, ವಿಜಯಪುರದಾಗ ಇದ್ದವರು ಎಲ್ಲಿ ಕೊಡಬೇಕ್ರಿ? ಎಲ್ಲಾ ಬೆಂಗಳೂರಿಂದ ಹೇಳಿದ್ರ ಹೆಂಗ?

ಕಾಯ್ದೆ_ಕಡತ
ಜೋಳದ ರೊಟ್ಟಿಯವರ ಪ್ರಶ್ನೆ ನ್ಯಾಯದ್ದು. ಅದಕ್ಕೆ ನಿಯಮದಿಂದಲೇ ಶುರುಮಾಡಬೇಕು.

2001ರ ಹಳೇ ಬ್ಯಾಟರಿ ನಿಯಮ ಸೀಸದ ಬ್ಯಾಟರಿಗೆ ಮಾತ್ರ ಇತ್ತು. ಕೇಂದ್ರ ಪರಿಸರ ಸಚಿವಾಲಯ 2022ರ ಆಗಸ್ಟ್ 22ರಂದು ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಫೋನ್, ವಾಹನ, ಕೈಗಾರಿಕೆ, ಇವಿ, ಎಲ್ಲ ಬ್ಯಾಟರಿಗೂ ಅನ್ವಯ. ಹಳೇದನ್ನ ವಾಪಸ್ ಸಂಗ್ರಹಿಸಿ ಮರುಬಳಕೆಗೆ ಕಳಿಸೋ ಹೊಣೆ ತಯಾರಕರದು, ಆಮದು ಮಾಡಿ ಮಾರೋರದೂ ಸೇರಿ. ಹೂಳೋದು, ಸುಡೋದು ನಿಷಿದ್ಧ. ಬೇರೆ ಕಸದ ಜೊತೆ ಸೇರಿಸದೆ ಪ್ರತ್ಯೇಕವಾಗಿ ಕೊಡಬೇಕು ಅನ್ನೋದು ಬಳಕೆದಾರರ ಕರ್ತವ್ಯ. ಬ್ಯಾಟರಿ ಮೇಲೆ ಚಕ್ರದ ಕಸದಬುಟ್ಟಿಗೆ ಗೀಟು ಹಾಕಿದ ಚಿತ್ರ ಇರೋದು ಅದಕ್ಕೇ. ಸಣ್ಣ ಬ್ಯಾಟರಿಗಳಿಂದ ಮರುಬಳಕೆದಾರರು ವಾಪಸ್ ತೆಗೆಯಬೇಕಾದ ವಸ್ತುವಿನ ಗುರಿ 2024-25ಕ್ಕೆ ಶೇ. 70, ಮರುವರ್ಷ 80, 2026-27ರಿಂದ 90.

ಹಾಗಾಗಿ ಊರು ಯಾವುದೇ ಇರಲಿ, ಮೊದಲ ಬಾಗಿಲು ಆ ಬ್ರ್ಯಾಂಡಿನ ಅಧಿಕೃತ ಸರ್ವಿಸ್ ಸೆಂಟರ್. ಜಿಲ್ಲಾ ಕೇಂದ್ರಗಳಲ್ಲಿ ದೊಡ್ಡ ಫೋನ್ ಕಂಪನಿಗಳದ್ದು ಸಾಮಾನ್ಯವಾಗಿ ಇರುತ್ತೆ. ಹೋಗೋ ಮುಂಚೆ ಕಂಪನಿಯ ಜಾಲತಾಣದಲ್ಲಿ ಇ-ತ್ಯಾಜ್ಯದ ಪುಟ ತೆರೆದು ಸಂಗ್ರಹ ಕೇಂದ್ರಗಳ ಪಟ್ಟಿ, ಸಹಾಯವಾಣಿ ನೋಡಿ. ಕೌಂಟರಿನಲ್ಲಿ ಬೇಡ ಅಂದರೆ ಆ ಪುಟವನ್ನೇ ತೋರಿಸಿ. ಎರಡನೇ ದಾರಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅನುಮತಿ ಕೊಟ್ಟಿರೋ ಇ-ತ್ಯಾಜ್ಯ ಘಟಕಗಳು. ಮಂಡಳಿಗೆ ಜಿಲ್ಲೆಗಳಲ್ಲೂ ಪ್ರಾದೇಶಿಕ ಕಚೇರಿಗಳಿವೆ, ಪಟ್ಟಿ ಅಲ್ಲಿ ಕೇಳಬಹುದು. ದೇಶದ ಮೊದಮೊದಲ ಅಧಿಕೃತ ಇ-ತ್ಯಾಜ್ಯ ಘಟಕಗಳಲ್ಲೊಂದಾದ ಇ-ಪರಿಸರ ಇರೋದು ನಮ್ಮ ದಾಬಸ್‌ಪೇಟೆಯಲ್ಲೇ.

ಜೋಳದ_ರೊಟ್ಟಿ
ಕಾಯ್ದೆ ಛಲೋ ಅದರೀ. ತಾಲೂಕಿನಾಗ ಒಂದು ಡಬ್ಬಿ ಇಟ್ಟಿದ್ರ ಇನ್ನೂ ಛಲೋ ಇರ್ತಿತ್ತು. ಹಳ್ಳಿಯಾಗ ಬ್ರ್ಯಾಂಡೇ ಇಲ್ಲದ ಟಾರ್ಚು ಮಾರ್ತಾರ, ಅದರ ಸರ್ವಿಸ್ ಸೆಂಟರ್ ಎಲ್ಲಿ ಹುಡುಕಬೇಕು?

ಕಾಯ್ದೆ_ಕಡತ
ಬ್ರ್ಯಾಂಡಿಲ್ಲದ ಮಾಲು ಈ ನಿಯಮದ ದೊಡ್ಡ ತೂತು, ಒಪ್ಪಲೇಬೇಕು. ಅಂಥದ್ದಕ್ಕೆ ಅಧಿಕೃತ ಇ-ತ್ಯಾಜ್ಯ ಘಟಕವೊಂದೇ ದಾರಿ. ಶಾಲೆಯೋ ಗ್ರಾಮ ಪಂಚಾಯಿತಿಯೋ ಒಟ್ಟುಮಾಡಿ ಪತ್ರ ಬರೆದರೆ ಮಾಲು ಹೆಚ್ಚಿದ್ದಾಗ ಗಾಡಿ ಕಳಿಸೋ ಘಟಕಗಳಿವೆ. ಒಬ್ಬೊಬ್ಬರೇ ಕೇಳಿದರೆ ಬರಲ್ಲ.

ಹಸಿ_ಒಣ
ಒಣ ಕಸದ ಚೀಲಕ್ಕೆ ಹಾಕಿ ಅಂದರಲ್ಲ, ಆ ಚೀಲ ಮುಂದೆ ಎಲ್ಲಿಗೆ ಹೋಗುತ್ತೆ ಅಂತ ಕೇಳಿ. ಒಣ ಕಸ ಸಂಗ್ರಹ ಕೇಂದ್ರದಲ್ಲಿ ಅದನ್ನ ನೆಲಕ್ಕೆ ಸುರಿದು ಕೈಯಲ್ಲೇ ಬೇರ್ಪಡಿಸ್ತಾರೆ. ಎಷ್ಟೋ ಕಡೆ ಕೈಗವಸೂ ಇರಲ್ಲ. ಸುತ್ತ ರಟ್ಟು, ಹಾಲಿನ ಕವರು, ಥರ್ಮಾಕೋಲು. ಆಮೇಲೆ ರಟ್ಟು ಪ್ಲಾಸ್ಟಿಕ್ಕನ್ನ ಯಂತ್ರದಲ್ಲಿ ಒತ್ತಿ ಕಟ್ಟು ಕಟ್ತಾರೆ, ನಡುವೆ ಒಂದು ಇಯರ್‌ಬಡ್ ಡಬ್ಬಿ ಸಿಕ್ಕರೂ ಸಾಕು. ಹಸಿ ಕಸಕ್ಕೋ ಮಿಶ್ರ ಕಸಕ್ಕೋ ಹಾಕಿದರೆ ಆಟೋದಿಂದ ಕಾಂಪ್ಯಾಕ್ಟರ್ ಲಾರಿಗೆ ಹೋಗಿ, ಅಲ್ಲಿ ಹೈಡ್ರಾಲಿಕ್ ಹಲಗೆ ಒತ್ತುತ್ತೆ. ಒತ್ತಿದಾಗ ಸೆಲ್ಲಿನ ಒಳಗೆ ಪ್ಲಸ್, ಮೈನಸ್ ಹಾಳೆಗಳನ್ನ ಬೇರೆಯಾಗಿಡೋ ಪೊರೆ ಹರಿದು ಎರಡೂ ಹಾಳೆ ಕೂಡುತ್ತವೆ. ಹೊಗೆ ಕೂಡಲೇ ಕಾಣದೆ ಹೋಗಬಹುದು, ರಾತ್ರಿ ಗೋದಾಮಿನಲ್ಲಿ ಬೆಂಕಿ ಏಳಬಹುದು. ಆ ಕೇಂದ್ರಗಳನ್ನ ನಡೆಸೋರಲ್ಲಿ ಎಷ್ಟೋ ಜನ ಹಿಂದೆ ಬೀದಿಯಲ್ಲಿ ಚಿಂದಿ ಆಯ್ದವರೇ. ಒಂದು ಬೆಂಕಿ ಅಂದ್ರೆ ಅವರ ಇಡೀ ದುಡಿಮೆ.

ನಿಮ್ಮ ವಾರ್ಡಿನ ಕೇಂದ್ರದವರು ಇ-ತ್ಯಾಜ್ಯ ತಗೊಳ್ತೀವಿ ಅಂದರೆ ಕೊಡಿ. ಆದರೆ ಕೈಯಿಂದ ಕೈಗೆ ಕೊಡಿ, ಡಬ್ಬಿ ಮೇಲೆ ದಪ್ಪಕ್ಷರದಲ್ಲಿ "ಬ್ಯಾಟರಿ ಇದೆ, ಒತ್ತಬೇಡಿ" ಅಂತ ಬರೆದು.

ಮೂರನೇ_ಮಹಡಿ
ಎಲ್ಲರಿಗೂ ಧನ್ಯವಾದ. ಊದಿದ್ದರ ಬಗ್ಗೆ ಯಾರೂ ಹೇಳಲಿಲ್ಲ. ಅದು ಈಗ ಸ್ಟೀಲ್ ಡಬ್ಬಿಯಲ್ಲಿ ಗಟ್ಟಿಯಾಗಿ ಮುಚ್ಚಿ ಸೆಕ್ಯೂರಿಟಿ ರೂಮಿನಲ್ಲಿದೆ.

ಬೆಸುಗೆ_ಕಡ್ಡಿ
ಮೊದಲು ಆ ಮುಚ್ಚಳ ಸಡಿಲ ಮಾಡಿಸಿ, ರೂಮಿನಿಂದ ಹೊರಗೆ ತನ್ನಿ! ಗಟ್ಟಿ ಮುಚ್ಚಿದ ಡಬ್ಬಿಯಲ್ಲಿ ಸೆಲ್ ಗಾಳಿ ಬಿಟ್ಟರೆ ಒತ್ತಡ ಏರಿ ಡಬ್ಬಿಯೇ ಸಿಡಿಯುತ್ತೆ.

ಹೀಗೆ ಮಾಡಿ. ಕಬ್ಬಿಣದ ಬಕೆಟ್ ಅಥವಾ ದಪ್ಪ ಮಣ್ಣಿನ ಕುಂಡ. ಕುಂಡದ ತೂತಿಗೆ ಹೆಂಚಿನ ಚೂರು. ಅಡಿಗೆ ಮೂರು ಇಂಚು ಒಣ ಮರಳು. ಬ್ಯಾಟರಿಯ ಪಟ್ಟಿಗಳಿಗೆ ಒತ್ತದೆ ಟೇಪ್ ಅಂಟಿಸಿ ಅಡ್ಡ ಮಲಗಿಸಿ, ಮೇಲೆ ಮತ್ತೆ ಮೂರು ಇಂಚು ಮರಳು. ಬಕೆಟ್ ಮೇಲೆ ಒಂದು ಹೆಂಚು ಸುಮ್ಮನೆ ಇಟ್ಟರೆ ಸಾಕು. ಬಯಲಿನಲ್ಲಿ, ನೆರಳಿನಲ್ಲಿ, ಗೋಡೆ, ಬೈಕು, ಗ್ಯಾಸ್ ಸಿಲಿಂಡರ್, ಮೀಟರ್ ಬೋರ್ಡುಗಳಿಂದ ದೂರ. ಫ್ರಿಜ್ ಬೇಡ, ಕಾರಿನ ಡಿಕ್ಕಿ ಬೇಡ. ಗಾಳಿ ತೆಗೀತೀನಿ ಅಂತ ಸೂಜಿ ಚುಚ್ಚೋದಂತೂ ಖಂಡಿತ ಬೇಡ, ಒಳಗಿರೋ ಗಾಳಿಯೂ ಉರಿಯುವಂಥದ್ದೇ. ಫೋನಿನೊಳಗೇ ಊದಿ ಹಿಂದಿನ ಮುಚ್ಚಳ ಎದ್ದಿದ್ದರೆ ಒತ್ತಿ ಕೂರಿಸಬೇಡಿ, ಆಫ್ ಮಾಡಿ ಫೋನ್ ಸಮೇತ ಮರಳಿಗೆ. ಉಗುರುಬಣ್ಣದ ಥರ ಸಿಹಿ ಘಾಟು ಬಂದರೆ ಎಲೆಕ್ಟ್ರೋಲೈಟ್ ಸೋರ್ತಿದೆ ಅಂತ ಅರ್ಥ, ಕೈಗವಸಿಲ್ಲದೆ ಮುಟ್ಟಬೇಡಿ.

ಬಹಳ ದಿನ ಇಟ್ಟುಕೊಳ್ಳಬೇಡಿ. ಕೊಡೋ ಮೊದಲು ಫೋನ್ ಮಾಡಿ "ಊದಿದ್ದು ಇದೆ" ಅಂತ ಹೇಳಿ, ಎಲ್ಲರೂ ತಗೊಳ್ಳಲ್ಲ.

ಕಡಲ_ಕರೆ
ಮಂಗಳೂರು ಉಡುಪಿ ಕಡೆಯವರಿಗೆ ಒಂದು ಮಾತು ಮಾರಾಯ್ರೆ. ಸಮುದ್ರದ ಮರಳು ತಂದು ಹಾಕಬೇಡಿ. ಅದರಲ್ಲಿ ಉಪ್ಪೂ ಉಂಟು, ಪಸೆಯೂ ಉಂಟು, ಮೇಲೆ ಬೀಕರ್ ಹೇಳಿದ ಕಥೆಯೇ ಮರಳಿನೊಳಗೆ ನಡೆಯುತ್ತದೆ. ಕಟ್ಟಡದ ಎಂ-ಸ್ಯಾಂಡ್ ತಂದು ಬಾಣಲೆಯಲ್ಲಿ ಹುರಿದು ತಣಿಸಿ ಹಾಕಿ. ಆಟಿ ತಿಂಗಳ ಮಳೆಯಲ್ಲಿ ಕುಂಡವನ್ನು ಮಾಡಿನ ಅಡಿಯಲ್ಲಿಡಿ.

ಹಳೇ_ರೇಡಿಯೋ
ಬೆಂಕಿ ಹತ್ತಿಬಿಟ್ರೆ? ಲಿಥಿಯಂಗೆ ನೀರು ತಾಗಿದ್ರೆ ಸ್ಫೋಟ ಅಂತಾರಲ್ಲ.

ಬೀಕರ್
ಆ ಮಾತು ಶುದ್ಧ ಲಿಥಿಯಂ ಲೋಹಕ್ಕೆ. ಚಾರ್ಜ್ ಮಾಡೋ ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ಲಿಥಿಯಂ ಸಂಯುಕ್ತ ರೂಪದಲ್ಲಿರುತ್ತೆ. ಇಲ್ಲಿ ಶತ್ರು ಶಾಖ. ಒಳಗಿನ ಪಾಲಿಥಿಲೀನ್ ಪೊರೆ 130 ಡಿಗ್ರಿ ಹತ್ತಿರ ಕರಗುತ್ತೆ, ಆಮೇಲೆ ಒಂದು ಸೆಲ್ ಪಕ್ಕದ್ದನ್ನ ಹೊತ್ತಿಸುತ್ತೆ. ಬಹಳಷ್ಟು ಫೋನ್, ಲ್ಯಾಪ್‌ಟಾಪ್ ಬ್ಯಾಟರಿಗಳಲ್ಲಿ ಪ್ಲಸ್ ಕಡೆಯ ಆಕ್ಸೈಡ್ ತಾನೇ ಆಮ್ಲಜನಕ ಬಿಡೋದರಿಂದ ಕಂಬಳಿ ಮುಚ್ಚಿ ಉಸಿರುಗಟ್ಟಿಸೋಕೂ ಆಗಲ್ಲ. ತಣಿಸೋದು ನೀರು, ಧಾರಾಳ ನೀರು. ಬೆಂಕಿ ಆರಿಸೋ ಎಬಿಸಿ ಪುಡಿಯ ಸಿಲಿಂಡರ್ ಸುತ್ತಲಿನ ಸಾಮಾನಿನ ಬೆಂಕಿ ಆರಿಸುತ್ತೆ, ಸೆಲ್ ಮತ್ತೆ ಹೊತ್ತಿಕೊಳ್ಳಬಹುದು. ಮರಳು ಕಿಡಿ ಹಾರದ ಹಾಗೆ ತಡೆಯುತ್ತೆ, ಅಷ್ಟೇ.

ಕ್ರಮ: ಚಾರ್ಜಿನಲ್ಲಿದ್ದರೆ ಮೊದಲು ಮೇನ್ ಆಫ್. ಬುಸ್ ಅನ್ನೋ ಸದ್ದು, ಬಿಳಿ ಹೊಗೆ ಬಂದರೆ ಜನ ಹೊರಗೆ, ಕೋಣೆ ಬಾಗಿಲು ಮುಚ್ಚಿ, 101 ಅಥವಾ 112. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತೆ, ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಂಡು ಒಳಗೆ ನುಗ್ಗೋ ಸಾಹಸ ಬೇಡ. ಸಣ್ಣ ವಸ್ತು, ಬಯಲಿನಲ್ಲಿದೆ ಅಂದ್ರೆ ಮಾತ್ರ ದೂರದಿಂದ ಬಕೆಟ್ ಬಕೆಟ್ ನೀರು ಸುರೀರಿ. ಆರಿದ ಮೇಲೂ ಗಂಟೆಗಟ್ಟಲೆ ಕಣ್ಣಿಡಿ.

ಗೊರಕೆ_ಫ್ಯಾನ್
ಸೊಳ್ಳೆ ಬ್ಯಾಟು ಮರೆತೇ ಹೋಯ್ತು ನೋಡಿ ಎಲ್ಲರಿಗೂ 😀

ರಿಪೇರಿ_ಟೇಬಲ್
ಅದಕ್ಕೆ ಬೇರೆಯದೇ ಉತ್ತರ. ಹಳೇ ಬ್ಯಾಟುಗಳಲ್ಲಿ ಹೆಚ್ಚಾಗಿ ಇರೋದು 4 ವೋಲ್ಟಿನ ಪುಟ್ಟ ಸೀಸದ ಬ್ಯಾಟರಿ. ಎಮರ್ಜೆನ್ಸಿ ಲ್ಯಾಂಪಿನಲ್ಲಿ 6 ವೋಲ್ಟ್ 4.5 ಎಎಚ್ ಸೀಸದ್ದು. ಕಾರ್ಡ್‌ಲೆಸ್ ಫೋನಿನಲ್ಲಿ ನಿಕ್ಕಲ್. ಮೇಲೆ ಬರೆದಿರೋ ವೋಲ್ಟೇಜ್ ನೋಡಿದರೇ ಗೊತ್ತಾಗುತ್ತೆ: 3.7, 3.85, 7.4, 11.1 ಇದ್ದರೆ ಲಿಥಿಯಂ-ಅಯಾನ್. 3.2, 12.8 ಇದ್ದರೆ ಲಿಥಿಯಂ ಐರನ್ ಫಾಸ್ಫೇಟ್, ಸೋಲಾರ್ ದೀಪಗಳಲ್ಲಿ ಜಾಸ್ತಿ. 1.2, 2.4 ಅಂದ್ರೆ ನಿಕ್ಕಲ್. 3.6 ಲಿಥಿಯಂ-ಅಯಾನ್, ನಿಕ್ಕಲ್ ಎರಡರಲ್ಲೂ ಬರುತ್ತೆ, ಮೇಲಿರೋ ಅಕ್ಷರ (Li-ion ಅಥವಾ Ni-MH) ಓದಿ ನೋಡಿ.

ಸೀಸವನ್ನ ಲಿಥಿಯಂ ಜೊತೆ ಬೆರೆಸಬೇಡಿ. ಸೀಸ ಕರಗಿಸೋ ಕುಲುಮೆಗೆ ಲಿಥಿಯಂ ಪ್ಯಾಕ್ ತಪ್ಪಿ ಬಿದ್ದರೆ ಅಲ್ಲಿಯವರ ಜೀವಕ್ಕೇ ಅಪಾಯ. ಬ್ಯಾಟು ಬಿಚ್ಚೋದಿದ್ದರೆ ಮೊದಲು ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನಿಂದ ಹೊರಗಿನ ಜಾಲರಿಯನ್ನ ಒಳಗಿನದಕ್ಕೆ ಕೂಡಿಸಿ ಕೆಪಾಸಿಟರ್ (ಶಾಕ್ ಕೊಡೋ ಚಾರ್ಜ್ ಹಿಡಿದಿಡೋ ಭಾಗ) ಖಾಲಿ ಮಾಡಿ.

ಅಮ್ಮನ_ಡಬ್ಬಿ
ಕಾರಿನ ಕೀಲಿ, ತೂಕದ ಯಂತ್ರದ ಗುಂಡು ಬಿಲ್ಲೆ ಸೆಲ್ಲಿಗೂ (ಸಿಆರ್2032) ಟೇಪ್ ಬೇಕಾ?

ಬೀಕರ್
ಬೇಕು, ಎರಡೂ ಮುಖಕ್ಕೆ. ಇದರಲ್ಲಿ ಲಿಥಿಯಂ ಲೋಹವೇ ಇದೆ. ತೆಗೆದ ಕ್ಷಣ ಟೇಪ್ ಹಾಕಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ನುಂಗಿದ್ದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯಲ್ಲೇ ಸುಟ್ಟ ಗಾಯ ಆಗುತ್ತೆ. ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ ಹೋಗಿ ಎಕ್ಸ್-ರೇ.

ಕಾಫಿ_ಕಣ
ಚಿಕ್ಕಮಗಳೂರಿಂದ ಬೆಂಗಳೂರಿಗೆ ಕೊರಿಯರ್ ಮಾಡಬಹುದಾ?

ಕಾಯ್ದೆ_ಕಡತ
ಬೇಡ. ಬಿಡಿ ಲಿಥಿಯಂ-ಅಯಾನ್ ಬ್ಯಾಟರಿ ಅಪಾಯಕಾರಿ ಸರಕಿನ 9ನೇ ವರ್ಗ, ವಿಶ್ವಸಂಸ್ಥೆಯ ಸರಕು ಸಂಖ್ಯೆ ಯುಎನ್ 3480. ಹಾಳಾದದ್ದನ್ನ ವಿಮಾನದಲ್ಲಿ ಸಾಗಿಸೋದು ನಿಷಿದ್ಧ. "ಬಿಡಿಭಾಗ" ಅಂತ ಬರೆದು ಕಳಿಸಿದರೆ ಅದು ಯಾವ ವಿಮಾನ ಹತ್ತುತ್ತೋ ನಿಮಗೆ ತಿಳಿಯಲ್ಲ. ಚೆನ್ನಾಗಿರೋ ಒಂದೆರಡನ್ನ ಟೇಪ್ ಹಾಕಿ ಸ್ವಂತ ಗಾಡಿಯಲ್ಲಿ ಒಯ್ಯಬಹುದು. ಊದಿದ್ದನ್ನ ಬಸ್ಸಿನಲ್ಲಿ ಬೇಡ.

ರೈನ್_ದಡ
ಜರ್ಮನಿಯಲ್ಲಿ ಬ್ಯಾಟರಿ ಮಾರೋ ಅಂಗಡಿ ಹಳೇದನ್ನ ಉಚಿತವಾಗಿ ವಾಪಸ್ ತಗೊಳ್ಳಲೇಬೇಕು. ದಿನಸಿ ಅಂಗಡಿಯ ಬಾಗಿಲಲ್ಲೇ ಡಬ್ಬಿ ಇರುತ್ತೆ, ಲಿಥಿಯಂಗೆ ತುದಿ ಟೇಪ್ ಮಾಡಿ ಅಂತಾನೂ ಕೇಳ್ತಾರೆ. ಯುರೋಪಿನ 2023ರ ಬ್ಯಾಟರಿ ನಿಯಮದ ಪ್ರಕಾರ 2027ರ ಫೆಬ್ರವರಿ 18ರಿಂದ ಸಣ್ಣ ಉಪಕರಣಗಳ ಬ್ಯಾಟರಿಯನ್ನ ಬಳಕೆದಾರರೇ ತೆಗೆಯೋ ಹಾಗಿರಬೇಕು, ಕೆಲವು ವಿನಾಯಿತಿ ಬಿಟ್ಟು.

ಜೋಳದ_ರೊಟ್ಟಿ
ನಾ ಕೇಳಿದ್ದ ಡಬ್ಬಿ ಇದೇ ನೋಡ್ರಿ. ನಮ್ಮಲ್ಲೆ ಕಿರಾಣಿ ಅಂಗಡಿಗೆ ಇಟ್ರ ಆಗ್ತದ.

ಹಸಿ_ಒಣ
ಇಟ್ಟರೆ ಆಗಲ್ಲ, ಯಾರಾದರೂ ತಪ್ಪದೆ ಖಾಲಿ ಮಾಡಬೇಕು. ತುಂಬಿ ತುಳುಕೋ ಬ್ಯಾಟರಿ ಡಬ್ಬಿ ಇಲ್ಲದಿರೋದೇ ಮೇಲು. ಮೂರನೇ ಮಹಡಿಯವರೂ ಕೇಳಿಸಿಕೊಳ್ಳಿ: ನಿಮ್ಮ ಸಂಗ್ರಹ ಹತ್ತು ಲೀಟರ್ ಬಕೆಟ್ ದಾಟೋದು ಬೇಡ. ಟೇಪ್ ರೋಲ್ ಒಂದನ್ನ ಬಕೆಟಿಗೇ ದಾರ ಕಟ್ಟಿ ನೇತುಹಾಕಿ, ಟೇಪ್ ಇಲ್ಲದ್ದು ಒಳಗೆ ಬೀಳಬಾರದು. ಊದಿದ್ದಕ್ಕೆ ಮರಳಿನ ಕುಂಡ ಬೇರೆ. ಮನೆ ಬಾಗಿಲಿಗೆ "ಇ-ವೇಸ್ಟ್ ತಗೊಳ್ತೀವಿ" ಅಂತ ಬರೋರ ಹತ್ತಿರ ಮಾಲಿನ್ಯ ಮಂಡಳಿಯ ಅನುಮತಿ ಪತ್ರದ ಪ್ರತಿ ಕೇಳಿ, ತೂಕ ಬರೆದ ರಸೀದಿ ತಗೊಳ್ಳಿ. ಎರಡೂ ಇಲ್ಲ ಅಂದ್ರೆ ಅದು ಗುಜರಿಗೇ ಹೋಗೋದು.

ಮೂರನೇ_ಮಹಡಿ
ಊದಿದ್ದು ಈಗ ಕುಂಡದಲ್ಲಿ, ಹಿತ್ತಲ ಬಯಲಿನಲ್ಲಿದೆ. ಒಂದು ಕೊನೇ ಪ್ರಶ್ನೆ, ಎ ಬ್ಲಾಕಿನವರ ಇ-ಸ್ಕೂಟರ್ ಬ್ಯಾಟರಿ ಕೆಟ್ಟಿದೆ. ಅದನ್ನೂ ಇದರ ಜೊತೆ ಸೇರಿಸಬಹುದಾ?

ರಿಪೇರಿ_ಟೇಬಲ್
ಸೇರಿಸಬೇಡಿ. ಪವರ್ ಬ್ಯಾಂಕಿನಲ್ಲಿರೋದು 37 ವ್ಯಾಟ್-ಅವರ್, ಸ್ಕೂಟರಿನಲ್ಲಿ 2000ದಿಂದ 4000. ಅದು ಕಂಪನಿಯ ಜವಾಬ್ದಾರಿ, ಅದೇ 2022ರ ನಿಯಮ. ಬಿಚ್ಚದೆ, ಸ್ಕೂಟರಿನಿಂದ ಇಳಿಸದೆ ಕಂಪನಿಗೆ ದೂರು ದಾಖಲಿಸಿ. ಅವರೇ ಬಂದು ಒಯ್ಯಲಿ. ಅಲ್ಲಿವರೆಗೆ ಚಾರ್ಜರ್ ಹಾಕದೆ, ಮೆಟ್ಟಿಲ ಕೆಳಗೆ ನಿಲ್ಲಿಸದೆ ಬಯಲಲ್ಲಿ ಇಡಿ. ಒಯ್ಯುವಾಗ ಬ್ಯಾಟರಿಯ ಸೀರಿಯಲ್ ನಂಬರ್ ಬರೆದ ಸ್ವೀಕೃತಿ ಪತ್ರ ಕೇಳಿ ಪಡೀರಿ. ಸೀರಿಯಲ್ ನಂಬರಿನ ಫೋಟೋ ಇವತ್ತೇ ತೆಗೆದಿಟ್ಟುಕೊಳ್ಳೋಕೆ ಹೇಳಿ.